ರೋಮನ್ನು ಕಾಣದ ರೋಮಿನ ರಾಜ

1811ನೆಯ ಇಸವಿ ಮಾರ್ಚ್ 20ರ ಬೆಳಗು. ಪ್ಯಾರಿಸ್ ನಗರದ ಟ್ವಿಲರೀ ಅರಮನೆಯ ತೋಟದಲ್ಲಿಯೂ ಸುತ್ತಣ ಬೀದಿಗಳಲ್ಲಿಯೂ ಜನರು ಕಿಕ್ಕಿರಿದು ನಿಂತಿದ್ದರು. ಹಿಂದಿನ ರಾತ್ರಿಯಿಂದ ಸಾಮ್ರಾಜ್ಞಿ ಪ್ರಸವವೇದನೆಯಲ್ಲಿದ್ದಾಳೆಂಬ ಸುದ್ದಿ ಊರಿನಲ್ಲೆಲ್ಲ ಹಬ್ಬಿದ್ದಿತು. ಹೆಣ್ಣು ಮಗು ಹುಟ್ಟಿದರೆ 21 ತೋಪು, ಗಂಡು ಮಗು ಹುಟ್ಟಿದರೆ 101 ತೋಪು ಹಾರಿಸಬೇಕೆಂದು ಮೊದಲೇ ಗೊತ್ತುಪಡಿಸಿದ್ದರು. ಮೊದಲನೆಯ ತೋಪಿನ ಸದ್ದು ಕೇಳುತ್ತಲೇ ಗಾಡಿಗಳು ನಿಂತವು, ಅಂಗಡಿಯವರು ಬಾಗಿಲಿಗೆ ಬಂದರು, ದಾರಿಹೋಕರು ನಿಂತಲ್ಲೇ ನಿಂತು ಎಣಿಸತೊಡಗಿದರು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಅಲ್ಲಿಗೆ ಒಂದು ಕ್ಷಣದ ನಿಶ್ಶಬ್ದ. ಇಪ್ಪತ್ತೆರಡನೆಯ ತೋಪು ಹಾರಿದಾಗ ಎದ್ದ ಜಯಘೋಷದಲ್ಲಿ ಉಳಿದ ತೋಪುಗಳನ್ನು ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮದಾಂ ಬ್ಲಾಂಷಾರ್ ಎಂಬ ಧೀರ ಮಹಿಳೆ ಬೆಲೂನಿನಲ್ಲಿ ಆಕಾಶಕ್ಕೇರಿ ಶುಭವಾರ್ತೆಯ ಪತ್ರಗಳನ್ನು ಕೆಳಕ್ಕೆ ಚೆಲ್ಲಿದಳು. ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ನನಿಗೆ ಉತ್ತರಾಧಿಕಾರಿ ಜನಿಸಿದ್ದನು.

ಹೊರಗೆ ಇಷ್ಟು ಸಂಭ್ರಮವಿದ್ದರೂ ಒಳಗೆ ನಡೆದುದು ಬೇರೆ. ಹೆರಿಗೆ ಬಹಳ ಕಷ್ಟದ್ದಾಗಿತ್ತು. ತಾಯಿ, ಮಗು ಇಬ್ಬರಲ್ಲಿ ಒಬ್ಬರನ್ನೇ ಉಳಿಸಲು ಸಾಧ್ಯವಾಗಬಹುದೆಂದು ವೈದ್ಯನು ಅಂಜುತ್ತ ತಿಳಿಸಿದಾಗ, ತಾಯಿಯನ್ನು ಉಳಿಸುವಂತೆ ನೆಪೋಲಿಯನ್ ಹೇಳಿದನು. ಹುಟ್ಟಿದ ಮಗು ಕೆಲವು ನಿಮಿಷಗಳವರೆಗೆ ಅಳಲಿಲ್ಲ, ಅಲುಗಲಿಲ್ಲ. ಸತ್ತು ಹುಟ್ಟಿದೆಯೆಂದೇ ಅಲ್ಲಿದ್ದವರು ತಿಳಿದರು. ಆಮೇಲೆ ಅದು ಸಣ್ಣ ದನಿಯಲ್ಲಿ ಅತ್ತಿತು. ಅನೇಕ ಯುದ್ಧಗಳನ್ನು ಎದೆಗುಂದದೆ ನಡೆಸಿದ್ದ ಆ ಸೇನಾನಿಯ ಕಣ್ಣುಗಳಲ್ಲಿ ಅಂದು ನೀರು ತುಂಬಿತ್ತೆಂದು ಕಂಡವರು ಬರೆದಿದ್ದಾರೆ.

ಮಗುವಿಗೆ ನೆಪೋಲಿಯನ್ ಫ್ರಾನ್ಸ್ವಾ ಷಾರ್ಲ್ ಜೋಸೆಫ್ ಎಂದು ಹೆಸರಿಟ್ಟರು. ಆದರೆ ಹೆಸರಿಗಿಂತ ಮೊದಲೇ ಬಿರುದು ಸಿದ್ಧವಾಗಿತ್ತು. ಆ ಬಿರುದು ‘ರೋಮಿನ ರಾಜ’. ಇದನ್ನು ಫ್ರಾನ್ಸಿನ ಸೆನೆಟ್ ಸಭೆ 1810ರ ಫೆಬ್ರವರಿ 17ರಂದೇ, ಎಂದರೆ ಮಗು ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ, ಶಾಸನದ ಮೂಲಕ ನಿರ್ಣಯಿಸಿತ್ತು. ಆಗಿನ್ನೂ ತಂದೆತಾಯಿಗಳ ಮದುವೆಯೇ ಆಗಿರಲಿಲ್ಲ!

ಈ ಬಿರುದಿನ ಹಿಂದಿನ ಕಥೆಯನ್ನು ತಿಳಿಯದಿದ್ದರೆ ಈ ರಾಜಕುಮಾರನ ಬಾಳು ಅರ್ಥವಾಗುವುದಿಲ್ಲ. ಕಾರ್ಸಿಕಾ ದ್ವೀಪದ ಸಾಧಾರಣ ಮನೆತನವೊಂದರಲ್ಲಿ ಹುಟ್ಟಿದ ನೆಪೋಲಿಯನ್ ತನ್ನ ಕತ್ತಿಯ ಬಲದಿಂದ 1804ರಲ್ಲಿ ಚಕ್ರವರ್ತಿಯಾದವನು. ಯುರೋಪಿನ ಹಳೆಯ ರಾಜವಂಶಗಳ ಕಣ್ಣಿನಲ್ಲಿ ಅವನು ಸಿಂಹಾಸನವನ್ನು ಕಸಿದುಕೊಂಡವನು. ಮೊದಲ ಪತ್ನಿ ಜೋಸೆಫೀನಳಿಂದ ಮಕ್ಕಳಾಗಲಿಲ್ಲ. ತಾನು ಕಟ್ಟಿದ ಸಾಮ್ರಾಜ್ಯ ತನ್ನೊಡನೆಯೇ ಮುಗಿದುಹೋಗಬಾರದೆಂದು 1809ರ ಡಿಸೆಂಬರಿನಲ್ಲಿ ಅವಳಿಂದ ವಿಚ್ಛೇದನ ಪಡೆದು, ಮರುವರ್ಷ ಏಪ್ರಿಲಿನಲ್ಲಿ ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಸಿಸನ ಮಗಳು ಮೇರಿ ಲೂಯಿಸಳನ್ನು ವರಿಸಿದನು. ವರನಿಗೆ ನಲವತ್ತು, ವಧುವಿಗೆ ಹದಿನೆಂಟು. 1805ರಲ್ಲಿಯೂ 1809ರಲ್ಲಿಯೂ ನೆಪೋಲಿಯನ್ ಆಸ್ಟ್ರಿಯವನ್ನು ಸೋಲಿಸಿ, ರಾಜಧಾನಿ ವಿಯೆನ್ನಾವನ್ನು ಹಿಡಿದು, ಷೋನ್‌ಬ್ರುನ್ ಎಂಬ ಅರಮನೆಯಲ್ಲಿ ಬೀಡು ಬಿಟ್ಟಿದ್ದನು. ಸೋತ ದೊರೆಯ ಮಗಳನ್ನೇ ಗೆದ್ದವನು ಮದುವೆಯಾದನು. ಇದನ್ನು ಕನ್ಯಾದಾನವೆನ್ನುವುದಕ್ಕಿಂತ ಕಪ್ಪಕಾಣಿಕೆ ಎನ್ನುವುದೇ ಸರಿ.

ಇನ್ನು ರೋಮ್ ನಗರ. ಅದು ಶತಮಾನಗಳಿಂದ ಕ್ರೈಸ್ತ ಧರ್ಮಗುರುವಾದ ಪೋಪನ ಆಳ್ವಿಕೆಯಲ್ಲಿದ್ದಿತು. ನೆಪೋಲಿಯನ್ 1809ರಲ್ಲಿ ಅದನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡು, ಏಳನೆಯ ಪಯಸ್ ಎಂಬ ಪೋಪನನ್ನು ಸೆರೆಯಲ್ಲಿಟ್ಟನು. ಅಲ್ಲದೆ, ‘ಪವಿತ್ರ ರೋಮನ್ ಸಾಮ್ರಾಜ್ಯ’ವೆಂದು ಪ್ರಸಿದ್ಧವಾಗಿದ್ದ ಜರ್ಮನ್ ನಾಡುಗಳ ಒಕ್ಕೂಟದಲ್ಲಿ ಮುಂದೆ ಚಕ್ರವರ್ತಿಯಾಗಬೇಕಾದವನಿಗೆ ‘ರೋಮನರ ರಾಜ’ ಎಂದು ಕರೆಯುವ ರೂಢಿ ಇತ್ತು. ಆ ಸಾಮ್ರಾಜ್ಯ ನೆಪೋಲಿಯನ್ನನ ಒತ್ತಡದಿಂದ 1806ರಲ್ಲಿ ಕೊನೆಗೊಂಡಿತು. ಅದರ ಕಡೆಯ ಚಕ್ರವರ್ತಿ ಬೇರೆ ಯಾರೂ ಅಲ್ಲ, ಈ ಮಗುವಿನ ತಾಯಿಯ ತಂದೆಯಾದ ಫ್ರಾನ್ಸಿಸನೇ. ಹೀಗೆ ಹಾಲುಗಲ್ಲದ ಕೂಸಿಗೆ ತೊಡಿಸಿದ ಒಂದು ಬಿರುದಿನಲ್ಲಿ ಸೆರೆಯಾದ ಪೋಪನ ದುಃಖವೂ ಇತ್ತು, ಸೋತ ಅಜ್ಜನ ಅವಮಾನವೂ ಇತ್ತು. ನೆಪೋಲಿಯನ್ ಸ್ವತಃ ತನ್ನ ಜೀವಮಾನದಲ್ಲಿ ಒಮ್ಮೆಯೂ ರೋಮ್ ನಗರಕ್ಕೆ ಕಾಲಿಡಲಿಲ್ಲ. ಅವನ ಮಗನೂ ಕಾಲಿಡಲಿಲ್ಲ.

ಪ್ಯಾರಿಸ್ ನಗರದ ಜನತೆಯ ಪರವಾಗಿ ಮಗುವಿಗೆ ಬೆಳ್ಳಿಯ ಮೇಲೆ ಚಿನ್ನದ ಮುಲಾಮು ಮಾಡಿದ ತೊಟ್ಟಿಲೊಂದು ಕಾಣಿಕೆಯಾಗಿ ಬಂದಿತು. ಚಿತ್ರಕಾರ ಪ್ರೂದಾನ್ ಅದರ ವಿನ್ಯಾಸವನ್ನು ರಚಿಸಿದ್ದನು. ತಲೆಯ ಕಡೆ ವಿಜಯದೇವತೆ ಕೈಯೆತ್ತಿ ಹಿಡಿದ ಮಾಲೆ, ಕಾಲಿನ ಕಡೆ ರೆಕ್ಕೆ ಬಿಚ್ಚಲು ಅಣಿಯಾದ ಗರುಡನ ಮರಿ. ಜೂನ್ 9ರಂದು ನಾತ್ರ್ ದಾಮ್ ಚರ್ಚಿನಲ್ಲಿ ನಾಮಕರಣದ ದೀಕ್ಷೆ ನಡೆದಾಗ ನೆಪೋಲಿಯನ್ ಮಗುವನ್ನು ಎರಡು ಕೈಗಳಿಂದಲೂ ಮೇಲೆತ್ತಿ ಸಭೆಗೆ ತೋರಿಸಿದನು. ಸೇನ್ ನದಿಯ ದಂಡೆಯಲ್ಲಿ ಷಾಯ್ಯೋ ಎಂಬ ದಿಬ್ಬದ ಮೇಲೆ ರೋಮಿನ ರಾಜನಿಗಾಗಿ ಭವ್ಯವಾದ ಅರಮನೆಯೊಂದನ್ನು ಕಟ್ಟಿಸಲು ನಕ್ಷೆಗಳು ಸಿದ್ಧವಾದವು. ಆ ಅರಮನೆ ಮೇಲೇಳಲೇ ಇಲ್ಲ.

ಮಗುವಿನ ಪಾಲನೆಗೆ ಮದಾಂ ದ ಮೊಂತೆಸ್ಕ್ಯೂ ಎಂಬ ಕುಲೀನ ಮಹಿಳೆಯನ್ನು ನೇಮಿಸಿದ್ದರು. ಅವಳು ಹೆತ್ತ ತಾಯಿಗಿಂತ ಮಿಗಿಲಾದ ಅಕ್ಕರೆಯಿಂದ ಅವನನ್ನು ನೋಡಿಕೊಂಡಳು. ಹುಡುಗನು ಅವಳನ್ನು ‘ಮಾಮಾ ಕ್ಯೂ’ ಎಂದು ಕರೆಯುತ್ತಿದ್ದನು. ಎರಡು ಕುರಿಗಳು ಎಳೆಯುವ ಪುಟ್ಟ ಗಾಡಿಯಲ್ಲಿ ಕುಳಿತು ಅವನು ಅರಮನೆಯ ತೋಟದಲ್ಲಿ ಸುತ್ತುವುದನ್ನು ನೋಡಲು ಪ್ಯಾರಿಸಿನ ಜನ ಬೇಲಿಯ ಆಚೆ ನೆರೆಯುತ್ತಿದ್ದರು. ತಂದೆ ರಾಜಕಾರ್ಯಗಳ ನಡುವೆಯೂ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದನು. ಆದರೆ ಒಟ್ಟು ಲೆಕ್ಕ ಹಾಕಿದರೆ ಅವರಿಬ್ಬರೂ ಜೊತೆಯಲ್ಲಿದ್ದ ಕಾಲ ಮೂರು ವರ್ಷಕ್ಕೂ ಕಡಿಮೆ. ಅದರಲ್ಲಿಯೂ ಬಹುಪಾಲು ಯುದ್ಧಭೂಮಿಯ ಪಾಲಾಯಿತು.

1812ರಲ್ಲಿ ನೆಪೋಲಿಯನ್ ರಷ್ಯದ ಮೇಲೆ ದಂಡೆತ್ತಿ ಹೋದನು. ಸೆಪ್ಟೆಂಬರ್ 6ರಂದು, ಬೊರೊದಿನೊ ಎಂಬಲ್ಲಿ ಘೋರ ಕಾಳಗ ನಡೆಯುವುದಕ್ಕೆ ಹಿಂದಿನ ದಿನ, ಪ್ಯಾರಿಸಿನಿಂದ ಮಗನ ಚಿತ್ರಪಟ ಶಿಬಿರಕ್ಕೆ ಬಂದು ತಲುಪಿತು. ಪ್ರಸಿದ್ಧ ಕಲಾವಿದ ಜೆರಾರ್ ಬರೆದ ಆ ಚಿತ್ರದಲ್ಲಿ ಮಗು ರಾಜದಂಡವನ್ನೂ ಭೂಗೋಳವನ್ನೂ ಆಟದ ಸಾಮಾನಿನಂತೆ ಹಿಡಿದುಕೊಂಡಿತ್ತು. ನೆಪೋಲಿಯನ್ ಅದನ್ನು ಗುಡಾರದ ಹೊರಗಿರಿಸಿ ತನ್ನ ಯೋಧರಿಗೆ ತೋರಿಸಿದನು. ಸ್ವಲ್ಪ ಹೊತ್ತಾದ ಮೇಲೆ ಅದನ್ನು ಒಳಗಿಡುವಂತೆ ಹೇಳಿದನಂತೆ. ರಣರಂಗವನ್ನು ನೋಡಲು ಅವನಿಗೆ ಇನ್ನೂ ವಯಸ್ಸು ಸಾಲದೆಂಬುದು ಅವನು ಕೊಟ್ಟ ಕಾರಣ.

ಅದೇ ವರ್ಷದ ಅಕ್ಟೋಬರ್ 23ರಂದು ಪ್ಯಾರಿಸಿನಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಮಾಲೆ ಎಂಬ ಸೇನಾಧಿಕಾರಿಯು ಬಂಧನದಿಂದ ತಪ್ಪಿಸಿಕೊಂಡು ಬಂದು, ನೆಪೋಲಿಯನ್ ರಷ್ಯದಲ್ಲಿ ಮಡಿದನೆಂಬ ಸುಳ್ಳು ಸುದ್ದಿಯನ್ನು ಹಬ್ಬಿಸಿ, ಕೆಲವು ಗಂಟೆಗಳ ಕಾಲ ರಾಜಧಾನಿಯ ಅಧಿಕಾರವನ್ನೇ ಹಿಡಿಯಲೆತ್ನಿಸಿದನು. ದಂಗೆ ಬೇಗನೆ ಅಡಗಿತು. ಮಾಲೆ ಮತ್ತು ಅವನ ಸಂಗಡಿಗರಿಗೆ ಮರಣದಂಡನೆಯಾಯಿತು. ಆದರೆ ನೆಪೋಲಿಯನ್ನನನ್ನು ಕಾಡಿದ್ದು ದಂಗೆಯಲ್ಲ. ತಾನು ಸತ್ತನೆಂದು ನಂಬಿದ ಅಧಿಕಾರಿಗಳಲ್ಲಿ ಒಬ್ಬನಿಗಾದರೂ, ಹಾಗಾದರೆ ರೋಮಿನ ರಾಜನೇ ಈಗ ಚಕ್ರವರ್ತಿಯಲ್ಲವೆ ಎಂಬ ಯೋಚನೆ ಹೊಳೆಯಲಿಲ್ಲ. 101 ತೋಪುಗಳ ಸದ್ದು ಎರಡು ವರ್ಷದೊಳಗೆ ಅವರ ಕಿವಿಯಿಂದ ಮಾಯವಾಗಿತ್ತು. ಬಿರುದನ್ನು ಶಾಸನದಿಂದ ಕೊಡಬಹುದು, ಆದರೆ ಜನರ ಮನಸ್ಸಿನಲ್ಲಿ ಬೇರೂರಿಸಲು ಶಾಸನಕ್ಕೆ ಶಕ್ತಿಯಿಲ್ಲವೆಂಬುದು ಆಗಲೇ ಬಯಲಾಯಿತು.

ರಷ್ಯದ ಹಿಮದಲ್ಲಿ ನೆಪೋಲಿಯನ್ನನ ಮಹಾಸೇನೆ ನಾಶವಾಯಿತು. 1814ರ ಆರಂಭಕ್ಕೆ ಶತ್ರುಗಳು ಫ್ರಾನ್ಸಿನ ಗಡಿಯನ್ನು ದಾಟಿ ಒಳನುಗ್ಗಿದ್ದರು. ಅವರಲ್ಲಿ ಮಗುವಿನ ಅಜ್ಜನ ಸೈನ್ಯವೂ ಇತ್ತು. ಜನವರಿ 25ರಂದು ನೆಪೋಲಿಯನ್ ಹೆಂಡತಿ ಮಕ್ಕಳನ್ನು ಬೀಳ್ಕೊಂಡು ರಣರಂಗಕ್ಕೆ ಹೊರಟನು. ಅವರನ್ನು ಅವನು ಮತ್ತೆ ನೋಡಲಿಲ್ಲ. ಏನೇ ಆದರೂ ಮಗ ಶತ್ರುಗಳ ಕೈಗೆ ಸಿಕ್ಕಬಾರದು, ಅದಕ್ಕಿಂತ ಅವನು ಸತ್ತರೂ ಮೇಲು ಎಂದು ನೆಪೋಲಿಯನ್ ತನ್ನ ಅಣ್ಣ ಜೋಸೆಫನಿಗೆ ಬರೆದಿದ್ದನು. ಈ ಆಜ್ಞೆಗೆ ಕಟ್ಟುಬಿದ್ದು ಮಾರ್ಚ್ 29ರಂದು ತಾಯಿ ಮಗನನ್ನು ಪ್ಯಾರಿಸಿನಿಂದ ಹೊರಡಿಸಿದರು. ಮೂರು ವರ್ಷದ ಹುಡುಗನು ಇದು ತನ್ನ ಮನೆ, ಇದನ್ನು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದು ಬಾಗಿಲುಗಳನ್ನು ಅವಚಿಕೊಂಡನು. ಅವನ ಬೆರಳುಗಳನ್ನು ಬಿಡಿಸಿ ಎತ್ತಿಕೊಂಡು ಹೋಗಬೇಕಾಯಿತು. ಹುಡುಗನ ಹಟವೇ ದೊಡ್ಡವರ ವಿವೇಕಕ್ಕಿಂತ ಸರಿಯಾಗಿತ್ತೆಂದು ಹಲವರು ಮುಂದೆ ಹೇಳಿದ್ದಾರೆ. ಏಕೆಂದರೆ ರಾಜಧಾನಿಯಲ್ಲಿ ಉತ್ತರಾಧಿಕಾರಿಯೇ ಇಲ್ಲವೆಂದಾದ ಮೇಲೆ ಅವನ ಹಕ್ಕಿಗಾಗಿ ವಾದಿಸುವವರೂ ಉಳಿಯಲಿಲ್ಲ. ಎರಡೇ ದಿನಗಳಲ್ಲಿ ಶತ್ರುಸೇನೆ ಪ್ಯಾರಿಸನ್ನು ಪ್ರವೇಶಿಸಿತು.

ಏಪ್ರಿಲ್ 4ರಂದು ನೆಪೋಲಿಯನ್ ಮಗನಿಗೆ ಪಟ್ಟ ಬಿಟ್ಟುಕೊಡುವುದಾಗಿ ಒಪ್ಪಿದನು. ಗೆದ್ದ ದೊರೆಗಳು ಅದನ್ನು ಒಪ್ಪಲಿಲ್ಲ. ಮಾರ್ಮೊನ್ ಎಂಬ ಅವನ ಆಪ್ತ ಸೇನಾನಿಯೇ ಆ ಗಳಿಗೆಯಲ್ಲಿ ತನ್ನ ಪಡೆಯನ್ನು ಶತ್ರುಗಳ ಕಡೆಗೆ ನಡೆಸಿದನು. ಎರಡು ದಿನಗಳ ಮೇಲೆ ನೆಪೋಲಿಯನ್ ತನ್ನ ಪರವಾಗಿಯೂ ಮಗನ ಪರವಾಗಿಯೂ ಸಿಂಹಾಸನವನ್ನು ತ್ಯಜಿಸಿ ಎಲ್ಬಾ ದ್ವೀಪಕ್ಕೆ ಹೋಗಬೇಕಾಯಿತು. ಒಪ್ಪಂದದಂತೆ ಇಟಲಿಯ ಪಾರ್ಮಾ ಎಂಬ ಸಣ್ಣ ಸಂಸ್ಥಾನ ಮೇರಿ ಲೂಯಿಸಳಿಗೆ, ಅವಳ ತರುವಾಯ ಮಗನಿಗೆ ಎಂದು ಗೊತ್ತಾಯಿತು. ರೋಮಿನ ರಾಜನು ಈಗ ಪಾರ್ಮಾದ ರಾಜಕುಮಾರನಾದನು. ಮೇ ತಿಂಗಳಲ್ಲಿ ತಾಯಿಯೊಡನೆ ವಿಯೆನ್ನಾಕ್ಕೆ ಬಂದು ಷೋನ್‌ಬ್ರುನ್ ಅರಮನೆಯನ್ನು ಸೇರಿದನು. ತಂದೆ ಎರಡು ಸಲ ವಿಜಯಿಯಾಗಿ ತಂಗಿದ್ದ ಮನೆಯಲ್ಲಿ ಮಗ ಆಶ್ರಿತನಾಗಿ ಬಾಳತೊಡಗಿದನು.

1815ರ ಮಾರ್ಚ್ 20ರಂದು, ಮಗನ ನಾಲ್ಕನೆಯ ಹುಟ್ಟುಹಬ್ಬದ ದಿನವೇ, ಎಲ್ಬಾದಿಂದ ತಪ್ಪಿಸಿಕೊಂಡು ಬಂದ ನೆಪೋಲಿಯನ್ ಮತ್ತೆ ಟ್ವಿಲರೀ ಅರಮನೆಯನ್ನು ಪ್ರವೇಶಿಸಿದನು. ಹೆಂಡತಿ ಮಗನನ್ನು ಕಳುಹಿಸಿಕೊಡಲು ಕೋರಿದನು. ವಿಯೆನ್ನಾದಲ್ಲಿ ಇದಕ್ಕೆ ಬಂದ ಉತ್ತರ ಬೇರೆಯೇ ಆಗಿತ್ತು. ಹುಡುಗನನ್ನು ಯಾರಾದರೂ ಕದ್ದೊಯ್ದಾರೆಂಬ ಭಯದಿಂದ ಕಾವಲು ಬಿಗಿಯಾಯಿತು, ‘ಮಾಮಾ ಕ್ಯೂ’ವನ್ನು ಕೆಲಸದಿಂದ ಬಿಡಿಸಿದರು. ನೆಪೋಲಿಯನ್ನನ ಹಳೆಯ ಕಾರ್ಯದರ್ಶಿ ಮೆನೆವಾಲ್ ಮೇ ತಿಂಗಳಲ್ಲಿ ಫ್ರಾನ್ಸಿಗೆ ಹಿಂದಿರುಗುವ ಮುನ್ನ ಬೀಳ್ಕೊಳ್ಳಲು ಬಂದನು. ತಂದೆಗೆ ಏನು ಹೇಳಲೆಂದು ಕೇಳಿದಾಗ ಹುಡುಗನು ಎಲ್ಲರೆದುರಿಗೆ ಬಾಯಿ ಬಿಡಲಿಲ್ಲ. ಮೆಲ್ಲನೆ ಕಿಟಕಿಯ ಬಳಿಗೆ ಸರಿದು, ಮೆನೆವಾಲನು ಹತ್ತಿರ ಬಂದ ಮೇಲೆ, ತನಗೆ ಅಪ್ಪನ ಮೇಲೆ ಈಗಲೂ ಪ್ರೀತಿಯಿದೆಯೆಂದು ತಿಳಿಸುವಂತೆ ಪಿಸುದನಿಯಲ್ಲಿ ಹೇಳಿದನು. ನಾಲ್ಕು ವರ್ಷದ ಮಗು ಆಗಲೇ ಗುಟ್ಟು ಕಾಯುವುದನ್ನು ಕಲಿತಿತ್ತು.

ಜೂನ್ 18ರಂದು ವಾಟರ್‌ಲೂ ಕದನದಲ್ಲಿ ನೆಪೋಲಿಯನ್ ಸೋತನು. 22ರಂದು ಮಗನ ಹೆಸರಿಗೆ ಪಟ್ಟ ಬಿಟ್ಟುಕೊಟ್ಟು, ಅವನನ್ನು ಎರಡನೆಯ ನೆಪೋಲಿಯನ್ ಎಂದು ಘೋಷಿಸಿದನು. ಪ್ಯಾರಿಸಿನ ಶಾಸನಸಭೆಗಳು ಅದನ್ನು ಅಂಗೀಕರಿಸಿದವು. ಜುಲೈ 8ರಂದು ಹದಿನೆಂಟನೆಯ ಲೂಯಿ ಶತ್ರುಗಳ ಬೆಂಬಲದಿಂದ ಹಿಂದಿರುಗಿ ಬಂದು ಸಿಂಹಾಸನವನ್ನು ಏರುವವರೆಗೆ, ಎರಡು ವಾರಗಳಷ್ಟು ಕಾಲ, ಫ್ರಾನ್ಸ್ ದೇಶಕ್ಕೆ ಹೆಸರಿನ ಮಟ್ಟಿಗೆ ಒಬ್ಬ ಬಾಲಚಕ್ರವರ್ತಿ ಇದ್ದನು. ಆ ಚಕ್ರವರ್ತಿಯು ಅಂದು ನೂರಾರು ಮೈಲಿ ದೂರದ ವಿಯೆನ್ನಾದ ತೋಟದಲ್ಲಿ ಆಟವಾಡುತ್ತಿದ್ದನು.

ಇಲ್ಲಿಂದ ಮುಂದೆ ಅವನ ಹೆಸರನ್ನು ಅಳಿಸುವ ಕೆಲಸ ಆರಂಭವಾಯಿತು. ನೆಪೋಲಿಯನ್ ಎಂಬುದು ಮರೆಯಾಗಿ, ಅಜ್ಜನ ಹೆಸರಾದ ಫ್ರಾನ್ಸ್ ಎಂಬುದೇ ಬಳಕೆಗೆ ಬಂದಿತು. 1816ರ ಹೊತ್ತಿಗೆ ಫ್ರೆಂಚ್ ಪರಿಚಾರಕರೆಲ್ಲರನ್ನೂ ಕಳುಹಿಸಿಬಿಟ್ಟರು. ಕೊನೆಯಲ್ಲಿ ಹೊರಟವಳು ಮಾರ್ಷಾನ್ ಎಂಬ ದಾದಿ. ಅವಳ ಮಗ ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ನನ ಸೇವಕನಾಗಿದ್ದನು. ಹುಡುಗನ ಕೂದಲಿನ ಒಂದು ಎಳೆಯನ್ನು ಆಕೆ ಆಸ್ಟ್ರಿಯದ ಸಸ್ಯತಜ್ಞನೊಬ್ಬನ ಮೂಲಕ ಮಗನಿಗೆ ಕಳುಹಿಸಿದಳು. ತಾಯಿಯಿಂದ ಮಗನಿಗೆ ಹೋದ ಆ ಸಣ್ಣ ಪೊಟ್ಟಣ, ಮಗನಿಂದ ತಂದೆಗೆ ಹೋಗಬೇಕಾದ ವಸ್ತುವನ್ನು ಸಮುದ್ರ ದಾಟಿಸಿತು. ಅದೇ ವರ್ಷ ಮೇರಿ ಲೂಯಿಸ್ ತನ್ನ ಸಂಸ್ಥಾನವನ್ನು ಆಳಲು ಪಾರ್ಮಾಕ್ಕೆ ತೆರಳಿದಳು. ಮಗನನ್ನು ಕರೆದೊಯ್ಯಲು ಅವಳಿಗೆ ಅನುಮತಿ ಇರಲಿಲ್ಲ. ಅವಳೂ ಹೆಚ್ಚಾಗಿ ಒತ್ತಾಯಿಸಿದಂತೆ ಕಾಣುವುದಿಲ್ಲ. ಅಲ್ಲಿ ನೈಪರ್ಗ್ ಎಂಬ ಸೇನಾಧಿಕಾರಿಯೊಡನೆ ಹೊಸ ಸಂಸಾರ ಹೂಡಿದ ಅವಳು ಕೆಲವು ವರ್ಷಗಳಿಗೊಮ್ಮೆ ಮಗನನ್ನು ನೋಡಲು ಬರುತ್ತಿದ್ದಳು.

ಡೀಟ್ರಿಖ್‌ಸ್ಟೈನ್ ಎಂಬ ಕೌಂಟನು ಹುಡುಗನ ವಿದ್ಯಾಭ್ಯಾಸದ ಹೊಣೆ ಹೊತ್ತನು. ಫ್ರೆಂಚ್ ಮಾತಾಡುತ್ತಿದ್ದ ಹುಡುಗನಿಗೆ ಜರ್ಮನ್ ಕಲಿಸಲು ಗುರುಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ತಾನು ಜರ್ಮನನಾಗಲು ಒಲ್ಲೆನೆಂದು ಅವನು ಬಹಳ ದಿನ ಮೊಂಡುಹಿಡಿದನು. ಮುಂದೆ ಜರ್ಮನ್ ಅವನ ನಿತ್ಯದ ಭಾಷೆಯೇ ಆಯಿತು. ಗುರುಗಳು ಕ್ರೂರಿಗಳಾಗಿರಲಿಲ್ಲ, ಅಜ್ಜ ಫ್ರಾನ್ಸಿಸನು ಮೊಮ್ಮಗನನ್ನು ನಿಜವಾಗಿಯೂ ಪ್ರೀತಿಸುತ್ತಿದ್ದನು. ಆದರೆ ತಂದೆಯ ವಿಷಯವನ್ನು ತಾವಾಗಿ ಯಾರೂ ಎತ್ತುತ್ತಿರಲಿಲ್ಲ. ಹುಡುಗನೇ ಕೇಳುತ್ತಿದ್ದನು. ತಾನು ಒಮ್ಮೆ ರೋಮಿನ ರಾಜನಾಗಿದ್ದುದು ಹೇಗೆಂದು ಅವನು ಒಂದು ದಿನ ಅಜ್ಜನನ್ನು ಕೇಳಿದನೆಂದೂ, ತನಗೆ ಜೆರೂಸಲೇಮಿನ ರಾಜನೆಂಬ ಬಿರುದು ಇರುವಂತೆಯೇ ಅದೂ ಎಂದು ಅಜ್ಜನು ಉತ್ತರಿಸಿದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಜೆರೂಸಲೇಮ್ ನಗರ ಆಗ ತುರ್ಕರ ವಶದಲ್ಲಿದ್ದಿತು.

1817ರಲ್ಲಿ ಯುರೋಪಿನ ರಾಷ್ಟ್ರಗಳು ಮತ್ತೊಂದು ಒಪ್ಪಂದ ಮಾಡಿಕೊಂಡು, ಮೇರಿ ಲೂಯಿಸಳ ಅನಂತರ ಪಾರ್ಮಾ ಸಂಸ್ಥಾನವು ಬೂರ್ಬಾನ್ ಮನೆತನಕ್ಕೆ ಸೇರತಕ್ಕದ್ದೆಂದು ನಿರ್ಧರಿಸಿದವು. ನೆಪೋಲಿಯನ್ನನ ಮಗನಿಗೆ ಎಲ್ಲಿಯೂ ಒಂದು ಅಂಗುಲ ನೆಲದ ಒಡೆತನ ಬರಕೂಡದೆಂಬುದೇ ಇದರ ಉದ್ದೇಶ. ಈಗ ಆರು ವರ್ಷದ ಹುಡುಗನಿಗೆ ಯಾವ ಬಿರುದೂ ಇಲ್ಲದಂತಾಯಿತು. ಅರಮನೆಯ ಊಟದ ಪಂಕ್ತಿಯಲ್ಲಿ ಅವನನ್ನು ಯಾರ ಪಕ್ಕದಲ್ಲಿ ಕೂರಿಸಬೇಕು, ಏನೆಂದು ಸಂಬೋಧಿಸಬೇಕು ಎಂಬುದೇ ಆಸ್ಥಾನಕ್ಕೆ ತೊಡಕಾಯಿತು. ಇದನ್ನು ಪರಿಹರಿಸಲು 1818ರ ಜುಲೈ 22ರಂದು ಚಕ್ರವರ್ತಿ ಫ್ರಾನ್ಸಿಸನು ಅವನಿಗೆ ‘ರೈಷ್‌ಸ್ಟಾಟ್ ಡ್ಯೂಕ್’ ಎಂಬ ಹೊಸ ಪದವಿಯನ್ನು ದಯಪಾಲಿಸಿದನು. ರೈಷ್‌ಸ್ಟಾಟ್ ಎಂಬುದು ಬೊಹೀಮಿಯದ ಒಂದು ಸಣ್ಣ ಊರು. ಇಂದು ಚೆಕ್ ದೇಶದಲ್ಲಿರುವ ಆ ಊರಿಗೆ ಜಾಕುಪಿ ಎಂದು ಹೆಸರು. ಆಸ್ಥಾನದಲ್ಲಿ ರಾಜಮನೆತನದ ಆರ್ಚ್‌ಡ್ಯೂಕರ ಕೆಳಗಿನ ಸ್ಥಾನ ಅವನದೆಂದು ನಿಗದಿಯಾಯಿತು. ಆ ಸನ್ನದನ್ನು ಓದಿದವರಿಗೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಹುಡುಗನನ್ನು ಚಕ್ರವರ್ತಿಯ ಪ್ರಿಯಪುತ್ರಿ ಮೇರಿ ಲೂಯಿಸಳ ಮಗನೆಂದು ಹೇಳಿದೆ. ತಂದೆಯ ಹೆಸರೇ ಇಲ್ಲ.

ರೋಮನ್ನು ನೋಡದೆ ರೋಮಿನ ರಾಜನಾಗಿದ್ದವನು, ಎಂದೂ ನೆಲೆಸದ ರೈಷ್‌ಸ್ಟಾಟಿಗೆ ಡ್ಯೂಕನಾದನು.

1821ರ ಮೇ 5ರಂದು ನೆಪೋಲಿಯನ್ ಸೇಂಟ್ ಹೆಲೆನಾದಲ್ಲಿ ತೀರಿಕೊಂಡನು. ಸುದ್ದಿ ವಿಯೆನ್ನಾಕ್ಕೆ ಬರಲು ಎರಡು ತಿಂಗಳಿಗಿಂತ ಹೆಚ್ಚು ಹಿಡಿಯಿತು. ಜುಲೈ 22ರ ಸಂಜೆ ಗುರು ಫೋರೆಸ್ತಿ ಅದನ್ನು ಹತ್ತು ವರ್ಷದ ಹುಡುಗನಿಗೆ ತಿಳಿಸಿದನು. ಹುಡುಗನು ಬಹಳವಾಗಿ ಅತ್ತನು. ತಾನು ಸಾಯುವುದಕ್ಕೆ ಮುಂಚೆ ಬರೆಸಿದ ಉಯಿಲಿನಲ್ಲಿ ನೆಪೋಲಿಯನ್, ಮಗನು ತಾನು ಫ್ರೆಂಚ್ ರಾಜಕುಮಾರನಾಗಿ ಹುಟ್ಟಿದವನೆಂಬುದನ್ನು ಎಂದೂ ಮರೆಯಬಾರದೆಂದು ಸೂಚಿಸಿದ್ದನು. ತನ್ನ ಕತ್ತಿಗಳು, ಪುಸ್ತಕಗಳು ಮೊದಲಾದವುಗಳನ್ನು ಮಗನಿಗೆ ಹದಿನಾರು ತುಂಬಿದಾಗ ಒಪ್ಪಿಸಬೇಕೆಂದು ತನ್ನ ಜೊತೆಗಾರರಿಗೆ ವಹಿಸಿದ್ದನು. ಹದಿನಾರು ತುಂಬಿತು, ಜೊತೆಗಾರರು ಅನುಮತಿ ಬೇಡಿದರು, ಆಸ್ಟ್ರಿಯದ ಸರಕಾರ ಒಪ್ಪಲಿಲ್ಲ. ಆ ವಸ್ತುಗಳು ಮಗನ ಕೈ ಸೇರಲೇ ಇಲ್ಲ.

ಬೆಳೆದಂತೆ ಡ್ಯೂಕನು ಎತ್ತರವಾದ, ತೆಳ್ಳನೆಯ, ನೀಲಿ ಕಣ್ಣಿನ ಸುಂದರ ತರುಣನಾದನು. ಮಾತು ಮಿತ, ನಡತೆ ಗಂಭೀರ. ತಂದೆಯ ವಿಷಯವಾಗಿ ಬಂದ ಪುಸ್ತಕಗಳನ್ನೆಲ್ಲ ತರಿಸಿಕೊಂಡು ಓದಿದನು. ಅವನಿಗಿದ್ದ ಒಂದೇ ಹಂಬಲ ಸೈನಿಕನಾಗುವುದು. ಚಿಕ್ಕಂದಿನಲ್ಲಿಯೇ ಸೈನಿಕನ ಉಡುಪು ತೊಟ್ಟು, ಕೆಳಗಿನ ದರ್ಜೆಯಿಂದ ಆರಂಭಿಸಿ, ಕವಾಯತು ಕಲಿತು, ಕಾವಲು ನಿಂತು, 1828ರ ಆಗಸ್ಟಿನಲ್ಲಿ ಕ್ಯಾಪ್ಟನ್ ಪದವಿಯನ್ನು ಪಡೆದನು. ಹುಟ್ಟಿನಿಂದ ಬಂದ ಬಿರುದುಬಾವಲಿಗಳನ್ನೆಲ್ಲ ಇತರರು ಕೊಟ್ಟರು, ಇತರರೇ ಕಸಿದುಕೊಂಡರು. ಈ ಒಂದು ಪದವಿಗಾಗಿ ಮಾತ್ರ ಅವನು ಬೆವರು ಸುರಿಸಿದ್ದನು. ಕ್ಯಾಪ್ಟನ್ ಎಂಬ ಹೆಸರಿನಿಂದ ಅವನಿಗಾದಷ್ಟು ಸಂತೋಷ ಡ್ಯೂಕ್ ಎಂಬುದರಿಂದ ಆಗಿರಲಾರದೆಂದು ಊಹಿಸಿದರೆ ತಪ್ಪಾಗಲಾರದು.

1830ರಲ್ಲಿ ಅವನಿಗೆ ಪ್ರೋಕೆಷ್ ಎಂಬ ಆಸ್ಟ್ರಿಯದ ಸೇನಾಧಿಕಾರಿಯ ಸ್ನೇಹ ದೊರೆಯಿತು. ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನ ಯುದ್ಧಕೌಶಲವನ್ನು ಸಮರ್ಥಿಸಿ ಪ್ರೋಕೆಷ್ ಲೇಖನವೊಂದನ್ನು ಬರೆದಿದ್ದನು. ತನ್ನ ತಂದೆಯನ್ನು ಶತ್ರುಪಕ್ಷದವನೊಬ್ಬನು ನ್ಯಾಯವಾಗಿ ಕಂಡನೆಂಬುದೇ ಡ್ಯೂಕನನ್ನು ಅವನತ್ತ ಸೆಳೆಯಿತು. ಇಬ್ಬರೂ ಗಂಟೆಗಟ್ಟಲೆ ಕುಳಿತು ಹಳೆಯ ಯುದ್ಧಗಳನ್ನು ವಿಮರ್ಶಿಸುತ್ತಿದ್ದರು. ಫ್ರಾನ್ಸಿನಲ್ಲಿ ಹುಟ್ಟಿ ಆಸ್ಟ್ರಿಯದ ಮಹಾಸೇನಾನಿಯಾಗಿ ಬಾಳಿದ ಯೂಜೀನ್ ರಾಜಕುಮಾರನಂತೆ ತಾನೂ ಆಗಬೇಕೆಂದು ಡ್ಯೂಕನು ಗೆಳೆಯನಲ್ಲಿ ಹೇಳಿಕೊಂಡಿದ್ದನು. ತಂದೆಯ ನಾಡಿಗೂ ಅಜ್ಜನ ನಾಡಿಗೂ ದ್ರೋಹವಾಗದ ದಾರಿಯೊಂದನ್ನು ಅವನು ಹೀಗೆ ಹುಡುಕುತ್ತಿದ್ದನು.

ಆ ವರ್ಷದ ಜುಲೈ ಕ್ರಾಂತಿಯಲ್ಲಿ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್ ಪದಚ್ಯುತನಾದನು. ಎರಡನೆಯ ನೆಪೋಲಿಯನ್ನನಿಗೆ ಜಯವಾಗಲೆಂಬ ಕೂಗು ಅಲ್ಲಲ್ಲಿ ಕೇಳಿಸಿತಾದರೂ ಪಟ್ಟ ದೊರೆತದ್ದು ಲೂಯಿ ಫಿಲಿಪ್ಪನಿಗೆ. ಆಸ್ಟ್ರಿಯದ ಪ್ರಧಾನಮಂತ್ರಿ ಮೆಟರ್ನಿಕ್ ಡ್ಯೂಕನನ್ನು ಚದುರಂಗದ ಕಾಯಿಯಂತೆ ಕೈಯಲ್ಲಿ ಹಿಡಿದುಕೊಂಡಿದ್ದನು. ಫ್ರಾನ್ಸ್ ತಂಟೆಗೆ ಬಂದರೆ ಆ ಕಾಯಿಯನ್ನು ತೋರಿಸಿ ಬೆದರಿಸಬಹುದು. ಆದರೆ ಮುಂದಕ್ಕೆ ನಡೆಸುವ ಉದ್ದೇಶ ಅವನಿಗಿರಲಿಲ್ಲ. 1831ರ ಫೆಬ್ರವರಿಯಲ್ಲಿ ಪಾರ್ಮಾದಲ್ಲಿ ದಂಗೆಯೆದ್ದು ತಾಯಿ ಅಪಾಯದಲ್ಲಿ ಸಿಕ್ಕಿದಾಗ ಸೈನ್ಯದೊಡನೆ ಹೋಗಿ ಅವಳನ್ನು ಕಾಪಾಡಲು ಡ್ಯೂಕನು ಅಪ್ಪಣೆ ಬೇಡಿದನು. ಅದೂ ದೊರೆಯಲಿಲ್ಲ. ನೆಪೋಲಿಯನ್ನನ ಮಗನು ಇಟಲಿಯಲ್ಲಿ ಕುದುರೆಯೇರಿ ಕಾಣಿಸಿಕೊಳ್ಳುವುದನ್ನು ಮೆಟರ್ನಿಕ್ ಹೇಗೆ ಸಹಿಸಿಯಾನು?

ಆ ಚಳಿಗಾಲದಲ್ಲಿಯೇ ಒಂದು ಅನಿರೀಕ್ಷಿತ ಭೇಟಿಯಾಯಿತು. 1814ರಲ್ಲಿ ನೆಪೋಲಿಯನ್ನನನ್ನು ಕೈಬಿಟ್ಟ ಮಾರ್ಮೊನ್, ಕ್ರಾಂತಿಯ ಕಾರಣದಿಂದ ದೇಶಭ್ರಷ್ಟನಾಗಿ ವಿಯೆನ್ನಾಕ್ಕೆ ಬಂದಿದ್ದನು. ಅವನಿಗೂ ಒಂದು ಬಿರುದು ಇತ್ತು, ರಗೂಸಾ ಡ್ಯೂಕ್. ಅವನ ನಡತೆಯಿಂದಾಗಿ ಫ್ರೆಂಚ್ ಜನ ಆ ರಗೂಸಾ ಎಂಬ ಹೆಸರಿನಿಂದಲೇ ‘ದ್ರೋಹ ಮಾಡು’ ಎಂಬರ್ಥದ ಹೊಸ ಕ್ರಿಯಾಪದವೊಂದನ್ನು ಹುಟ್ಟಿಸಿಕೊಂಡಿದ್ದರು. ಡ್ಯೂಕನು ಅವನನ್ನು ದೂಷಿಸಲಿಲ್ಲ. ತಂದೆಯ ಮೊದಲ ದಂಡಯಾತ್ರೆಗಳನ್ನು ಕಣ್ಣಾರೆ ಕಂಡವನೆಂದು ಅವನನ್ನು ಬರಮಾಡಿಕೊಂಡು, ಸುಮಾರು ಮೂರು ತಿಂಗಳ ಕಾಲ ಎದುರು ಕುಳಿತು ಆ ಕಥೆಗಳನ್ನೆಲ್ಲ ಕೇಳಿದನು. ಕಡೆಗೆ ತನ್ನ ಚಿತ್ರವೊಂದನ್ನು ಕೊಟ್ಟು ಬೀಳ್ಕೊಟ್ಟನು. ತಂದೆಯ ಬಗ್ಗೆ ತಿಳಿಯಲು ಅವನಿಗೆ ಉಳಿದಿದ್ದ ದಾರಿಗಳು ಬಹಳ ಕಡಿಮೆ. ದ್ರೋಹಿಯ ನೆನಪುಗಳನ್ನೂ ಅವನು ಬಿಡುವಂತಿರಲಿಲ್ಲ.

1831ರ ಜೂನಿನಲ್ಲಿ ವಿಯೆನ್ನಾದ ಕಾಲಾಳು ದಳವೊಂದರ ತುಕಡಿಯ ನಾಯಕತ್ವ ದೊರೆಯಿತು. ಬೆಳಗಿನ ಜಾವದಿಂದ ಕವಾಯತಿನ ಮೈದಾನದಲ್ಲಿ ನಿಂತು ಗಂಟಲು ಬಿರಿಯುವಂತೆ ಆಜ್ಞೆ ಕೊಡುತ್ತಿದ್ದನು. ಎದೆಯಲ್ಲಿ ಆಗಲೇ ಕ್ಷಯ ಮನೆ ಮಾಡಿತ್ತು. ವೈದ್ಯರು ಎಚ್ಚರಿಸಿದರೂ ಅವನು ದಣಿವನ್ನು ಮರೆಮಾಚಿದನು. 1832ರ ಜನವರಿಯಲ್ಲಿ ಕೊರೆಯುವ ಚಳಿಯಲ್ಲಿ, ಸೇನಾಪತಿಯೊಬ್ಬನ ಶವಯಾತ್ರೆಯಲ್ಲಿ ತುಕಡಿಯನ್ನು ನಡೆಸುತ್ತಿದ್ದಾಗ, ಆಜ್ಞೆ ಕೊಡಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಅಲ್ಲಿಗೆ ಅವನ ಸೈನಿಕ ಜೀವನ ಮುಗಿಯಿತು. ಇಟಲಿಯ ಬೆಚ್ಚನೆಯ ಹವೆ ಒಳ್ಳೆಯದಾಗಬಹುದೆಂದು ವೈದ್ಯರು ಸೂಚಿಸಿದರು. ಅದಕ್ಕೆ ಒಪ್ಪಿಗೆ ಸಿಗುವ ವೇಳೆಗೆ ರೋಗಿ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಷೋನ್‌ಬ್ರುನ್ ಅರಮನೆಯಲ್ಲಿ, ಹಿಂದೆ ನೆಪೋಲಿಯನ್ ವಿಜಯಿಯಾಗಿ ಮಲಗಿದ್ದ ಕೋಣೆಯಲ್ಲಿಯೇ ಮಗನು ಹಾಸಿಗೆ ಹಿಡಿದನು. ಅವನು ಸಾಕಿದ್ದ ಒಂದು ಬಾನಾಡಿ ಹಕ್ಕಿ ಅವನಿಗೆ ಸಂಗಾತಿಯಾಗಿತ್ತು. ರಾಜಮನೆತನದ ಸೊಸೆ ಸೋಫಿ ತಾನು ತುಂಬು ಗರ್ಭಿಣಿಯಾಗಿದ್ದರೂ ಅವನ ಬಳಿ ಕುಳಿತು ಓದಿ ಹೇಳುತ್ತಿದ್ದಳು. ಜೂನ್ 24ರಂದು ಪಾರ್ಮಾದಿಂದ ತಾಯಿ ಬಂದಳು. 1832ರ ಜುಲೈ 22ರ ಬೆಳಗಿನ ಜಾವ, ಡ್ಯೂಕ್ ಪದವಿ ಬಂದ ದಿನವೂ ತಂದೆಯ ಮರಣವಾರ್ತೆ ಕೇಳಿದ ದಿನವೂ ಆಗಿದ್ದ ಅದೇ ತಾರೀಖಿನಂದು, ಅವನು ಕೊನೆಯುಸಿರೆಳೆದನು. ಆಗ ಅವನಿಗೆ 21 ವರ್ಷ 4 ತಿಂಗಳು. ಹ್ಯಾಬ್ಸ್‌ಬರ್ಗ್ ಮನೆತನದ ಪದ್ಧತಿಯಂತೆ ದೇಹವನ್ನು ವಿಯೆನ್ನಾದ ಕಪೂಚಿನ್ ಸನ್ಯಾಸಿಗಳ ಚರ್ಚಿನ ನೆಲಮಾಳಿಗೆಯಲ್ಲಿಯೂ ಹೃದಯವನ್ನು ಅಗಸ್ಟೀನಿಯನ್ ಚರ್ಚಿನಲ್ಲಿಯೂ ಇರಿಸಿದರು.

ಇಪ್ಪತ್ತು ವರ್ಷಗಳ ಅನಂತರ, 1852ರಲ್ಲಿ, ನೆಪೋಲಿಯನ್ನನ ತಮ್ಮನ ಮಗ ಲೂಯಿ ನೆಪೋಲಿಯನ್ ಫ್ರಾನ್ಸಿನ ಚಕ್ರವರ್ತಿಯಾದಾಗ ತನ್ನನ್ನು ಮೂರನೆಯ ನೆಪೋಲಿಯನ್ ಎಂದು ಕರೆದುಕೊಂಡನು. ಎರಡನೆಯವನು ಯಾವಾಗ ಆಳಿದನೆಂದು ಯುರೋಪಿನ ಆಸ್ಥಾನಗಳಲ್ಲಿ ಆಕ್ಷೇಪ ಎದ್ದಿತು. ಆದರೂ ಅಂಕಿ ಉಳಿಯಿತು. ಹೀಗೆ ಎರಡು ವಾರಗಳ ಆ ಬಿರುದನ್ನು ಇತಿಹಾಸ ಒಪ್ಪಿಕೊಂಡಿತು. 1900ರಲ್ಲಿ ನಾಟಕಕಾರ ರೋಸ್ತಾನ್ ಅವನ ಬದುಕನ್ನು ರಂಗಭೂಮಿಗೆ ತಂದು ‘ಗರುಡನ ಮರಿ’ ಎಂಬರ್ಥದ ಹೆಸರನ್ನು ಜನರ ಬಾಯಲ್ಲಿ ನೆಲೆಗೊಳಿಸಿದನು.

ಸತ್ತ ಮೇಲೂ ಅವನನ್ನು ರಾಜಕಾರಣ ಬಿಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಿಸನ್ನು ಗೆದ್ದ ಹಿಟ್ಲರನು ಫ್ರೆಂಚರನ್ನು ಒಲಿಸಿಕೊಳ್ಳುವ ಉಪಾಯವೆಂದು ಅವನ ಶವಪೆಟ್ಟಿಗೆಯನ್ನು ವಿಯೆನ್ನಾದಿಂದ ತೆಗೆಸಿ ಪ್ಯಾರಿಸಿಗೆ ಕಳುಹಿಸಿದನು. ನೆಪೋಲಿಯನ್ನನ ಅವಶೇಷ ಸೇಂಟ್ ಹೆಲೆನಾದಿಂದ ಬಂದು ಸರಿಯಾಗಿ ನೂರು ವರ್ಷ ತುಂಬಿದ ದಿನ, 1940ರ ಡಿಸೆಂಬರ್ 15ರ ನಡುರಾತ್ರಿ, ಜರ್ಮನ್ ಸೈನಿಕರ ಕಾವಲಿನಲ್ಲಿ ಅದು ತಂದೆಯ ಸಮಾಧಿ ಇರುವ ಆಂವಲೀದ್ ಭವನವನ್ನು ತಲುಪಿತು. ಉರುವಲಿಲ್ಲದೆ ಚಳಿಯಲ್ಲಿ ನಡುಗುತ್ತಿದ್ದ ಪ್ಯಾರಿಸಿನ ಜನ, ತಾವು ಕಲ್ಲಿದ್ದಲು ಕೇಳಿದರೆ ಇವರು ಬೂದಿಯನ್ನು ಕಳುಹಿಸಿದರೆಂದು ಆಡಿಕೊಂಡರು.

1969ರಲ್ಲಿ ಆ ಪೆಟ್ಟಿಗೆಯನ್ನು ತಂದೆಯ ಸಮಾಧಿಯ ಸನಿಹದ ನೆಲದಡಿಯಲ್ಲಿ ಇರಿಸಿ ಮೇಲೆ ಕಲ್ಲು ಹಾಸಿದರು. ಕಲ್ಲಿನ ಮೇಲೆ ಕೊರೆದಿರುವುದು ಎರಡನೆಯ ನೆಪೋಲಿಯನ್, ರೋಮಿನ ರಾಜ ಎಂದು. ರೈಷ್‌ಸ್ಟಾಟ್ ಡ್ಯೂಕ್ ಎಂಬುದು ಅಲ್ಲಿ ಇಲ್ಲ. ಹೃದಯ ಮಾತ್ರ ವಿಯೆನ್ನಾದಲ್ಲಿಯೇ ಉಳಿಯಿತು. ಗರುಡನ ಮರಿಯಿರುವ ತೊಟ್ಟಿಲೂ ಅಲ್ಲಿಯ ರಾಜಭಂಡಾರದಲ್ಲಿದೆ. ಷೋನ್‌ಬ್ರುನ್ ಅರಮನೆಗೆ ಹೋದವರು ಅವನು ಪ್ರಾಣಬಿಟ್ಟ ಕೋಣೆಯಲ್ಲಿ, ಗಾಜಿನ ಆವರಣದೊಳಗೆ ಕಾಪಾಡಿಟ್ಟಿರುವ ಆ ಬಾನಾಡಿ ಹಕ್ಕಿಯನ್ನು ಇಂದಿಗೂ ನೋಡಬಹುದು.